ನಪಾಸಾಗಬೇಕಿದ್ದ ಪರೀಕ್ಷೆ

ನಮ್ಮ ಬೀದಿಯವರು ಆತನನ್ನು ‘ಕಂಬ’ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಲಾರಿ ಓಡಿಸಿ ಬಂದವನು. ನಿವೃತ್ತಿಯ ನಂತರ ಪೀಠೋಪಕರಣದ ಅಂಗಡಿಯೊಂದರ ಬಾಗಿಲಲ್ಲಿ ಕಾವಲುಗಾರನಾಗಿ ದಿನಕ್ಕೆ ಹನ್ನೆರಡು ಗಂಟೆ ನಿಲ್ಲುತ್ತಿದ್ದ. ಅಂಗಡಿಯ ತುಂಬ ಕುರ್ಚಿಗಳು, ಆದರೆ ಆತ ಕೂರುವಂತಿರಲಿಲ್ಲ. ಆ ನೆಟ್ಟನೆಯ ನಿಲುವನ್ನು ಎಲ್ಲರೂ ಶಿಸ್ತು ಎಂದುಕೊಂಡಿದ್ದರು. ಆತ ನೆಟ್ಟಗಿದ್ದದ್ದು ಬಗ್ಗಲು ಆಗದೆ. ಸೇವೆಯ ಕೊನೆಯ ವರ್ಷಗಳಲ್ಲಿ ಲಾರಿ ತಿರುವಿನಲ್ಲಿ ಜಾರಿ ಹಳ್ಳಕ್ಕೆ ಉರುಳಿ, ಸೊಂಟದ ಹತ್ತಿರ ಎರಡು ಡಿಸ್ಕ್ ಜರುಗಿದ್ದವು.

ಎಡಗಾಲು ಜೋಮು ಹಿಡಿಯತೊಡಗಿದಾಗ ಬೀದಿಯ ಡಾಕ್ಟರು ಸುತ್ತಿಬಳಸದೆ ಹೇಳಿದರು: ಹೀಗೇ ನಿಂತರೆ ಇನ್ನೆರಡು ವರ್ಷಕ್ಕೆ ಕಾಲು ಸ್ವಾಧೀನ ತಪ್ಪುತ್ತದೆ. ಕೆಲಸ ಬಿಡಬೇಕಾದರೆ ಸೈನ್ಯದಿಂದ ಅಂಗವೈಕಲ್ಯ ಪಿಂಚಣಿಯೂ ಸಿಗಬೇಕಿತ್ತು. ಆತ ಅರ್ಜಿ ಹಾಕಿದ. ವೈದ್ಯಕೀಯ ಪರೀಕ್ಷೆ ನಡೆಯಿತು. ಅರ್ಜಿ ತಿರಸ್ಕೃತವಾಯಿತು.

ಆ ಪತ್ರ ಹಿಡಿದು ಗಂಡಹೆಂಡತಿ ಇಬ್ಬರೂ ಮಾಜಿ ಸೈನಿಕರ ಸಂಘಕ್ಕೆ ಹೋದರು. ದರ್ಜಿ ಅಂಗಡಿಯ ಮೇಲಿನ ಒಂದೇ ಕೋಣೆ, ಫೈಲುಗಳ ಗುಡ್ಡೆಯ ಹಿಂದೆ ಒಬ್ಬ ಗುಮಾಸ್ತ. ಆತ ಕನ್ನಡಕ ಏರಿಸಿ ಓದಿದ.

“ಅಪಘಾತ ಆಗಿದ್ದು ಒಪ್ಪಿದ್ದಾರೆ. ಆದ್ರೆ ಗುಣವಾಗಿದೆಯಂತೆ. ಕೇಳಿ: ‘ಅರ್ಜಿದಾರರು ಕಾಲ್ಬೆರಳು ಮುಟ್ಟುವಷ್ಟು ಬಗ್ಗಿದರು. ನೋವಿಲ್ಲವೆಂದು ತಿಳಿಸಿದರು.’ ಏನ್ರೀ ಯಜಮಾನ್ರೇ, ಫಸ್ಟ್ ಕ್ಲಾಸಲ್ಲಿ ಪಾಸಾಗಿದ್ದೀರಲ್ಲ!”

“ಬಗ್ಗಿ ಅಂದ್ರು, ಬಗ್ಗಿದೆ.”

“ನೋವಿಲ್ಲ ಅಂತ ಯಾಕಂದ್ರಿ?”

“ಹೇಗಿದ್ದೀರಿ ಅಂದ್ರು. ಫಿಟ್ ಸಾರ್ ಅಂದೆ.”

“ಬೆಳಿಗ್ಗೆ ಎರಡು ನೋವಿನ ಮಾತ್ರೆ ಬೇರೆ ನುಂಗಿ ಹೋಗಿದ್ರು,” ಎಂದಳು ಹೆಂಡತಿ. “ಬಂದವರು ಮೂರು ದಿನ ಹಾಸಿಗೆಯಿಂದ ಏಳಲಿಲ್ಲ. ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಿಲ್ಲ ನೋಡಿ.”

ಇದನ್ನು ದಡ್ಡತನ ಎನ್ನಲಾಗದು. ಸೈನ್ಯದಲ್ಲಿ ವರ್ಷಕ್ಕೊಮ್ಮೆ ದೇಹಪರೀಕ್ಷೆ ಇರುತ್ತಿತ್ತು. ಅದರಲ್ಲಿ ನಪಾಸಾದವನನ್ನು ಲಾರಿಯಿಂದ ಇಳಿಸಿ ಉಗ್ರಾಣದಲ್ಲಿ ಕೂರಿಸುತ್ತಿದ್ದರು. ಅಪಘಾತದ ಮೇಲೆ ಐದು ವರ್ಷ ಆತ ಮಾತ್ರೆ ನುಂಗಿ, ಹಲ್ಲು ಕಚ್ಚಿ, ಬಗ್ಗಿ ತೋರಿಸಿ ಪಾಸಾಗಿದ್ದ. ಹೆಸರು ಅದೇ ಆದರೂ ಈ ಪರೀಕ್ಷೆ ಕೇಳುವುದು ತದ್ವಿರುದ್ಧವಾದದ್ದನ್ನು ಎಂದು ಆತನಿಗೆ ಯಾರೂ ಹೇಳಿರಲಿಲ್ಲ.

“ಅಳದ ಮಗೂಗೆ ಹಾಲಿಲ್ಲ,” ಎಂದ ಗುಮಾಸ್ತ. “ಮೇಲ್ಮನವಿ ಹಾಕೋಣ. ಸ್ಕ್ಯಾನಿಂಗ್ ವರದಿ ಇಡೋಣ. ಅಮ್ಮಾ, ನೀವೊಂದು ಹೇಳಿಕೆ ಬರ್ಕೊಡಿ. ನೋವು ಎಷ್ಟು ಅಂತ ಬೇಡ. ಇವರ ಕೈಲಿ ಏನೇನು ಆಗಲ್ಲ, ಅಷ್ಟೇ.”

ಆಕೆ ಅಡುಗೆಮನೆಯ ಮೇಜಿನ ಮೇಲೆ ಒಂದು ಪುಟ ಬರೆದಳು. ನೀರು ತುಂಬಿದ ಬಕೆಟ್ ಎತ್ತುವುದಿಲ್ಲ. ಬಸ್ಸಿನಲ್ಲಿ ಸೀಟಿದ್ದರೂ ಕೂರುವುದಿಲ್ಲ. ಕೆಳಗೆ ಬಿದ್ದದ್ದನ್ನು ಕಾಲಿನಿಂದ ಗೋಡೆಯವರೆಗೆ ತಳ್ಳಿ ಬಿಡುತ್ತಾರೆ. ಕೊನೆಯ ಸಾಲು: ‘ಹನ್ನೊಂದು ವರ್ಷದಿಂದ ಇವರ ಬೂಟಿನ ಲೇಸು ಕಟ್ಟುವುದೂ ಬಿಚ್ಚುವುದೂ ನಾನೇ.’

ಆತ ಓದಿ ಆ ಸಾಲನ್ನು ಹೊಡೆದುಹಾಕಿದ.

“ಇದು ಬೇಡ.”

“ಯಾಕೆ, ಸುಳ್ಳಾ?”

“ನಿಜ ಅಂತಲೇ ಬೇಡ. ಅಲ್ಲಿ ಕೂತಿರೋರು ನನಗಿಂತ ಚಿಕ್ಕ ವಯಸ್ಸಿನ ಆಫೀಸರ್‌ಗಳು ಕಣೇ.”

“ಹಾಗಾದ್ರೆ ನಾಳೆ ಬೆಳಿಗ್ಗೆ ಅವರನ್ನೇ ಕರ್ಕೊಂಬನ್ನಿ. ಬಂದು ಕಟ್ಟಿ ಹೋಗ್ಲಿ.”

ಆಕೆ ಇನ್ನೊಂದು ಹಾಳೆ ತೆಗೆದು ಮೊದಲಿನಿಂದ ಬರೆದಳು. ಆ ಸಾಲನ್ನು ಈ ಸಲ ಎಲ್ಲಕ್ಕಿಂತ ಮೇಲಿಟ್ಟಳು. ಕಾಗುಣಿತ ನೋಡಿಕೊಡಿ ಎಂದು ಎರಡೂ ಹಾಳೆ ನನ್ನ ಬಳಿ ತಂದಿದ್ದಳು. ತಿದ್ದುವಂಥದ್ದು ಹೆಚ್ಚಿರಲಿಲ್ಲ.

ಐದು ತಿಂಗಳ ನಂತರ ಮೇಲ್ಮನವಿಯ ವೈದ್ಯಕೀಯ ಮಂಡಳಿಯಿಂದ ಕರೆ ಬಂತು. ಗುಮಾಸ್ತನ ಕಟ್ಟಪ್ಪಣೆಯಂತೆ ಆತ ಅಂದು ಮಾತ್ರೆ ನುಂಗಿರಲಿಲ್ಲ. ಮೇಜಿನ ಹಿಂದೆ ಮೂವರಿದ್ದರು. ನಡುವೆ ಕೂತಿದ್ದ ಡಾಕ್ಟರಮ್ಮನಿಗೆ ಮೂವತ್ತೈದು ದಾಟಿರಲಿಲ್ಲ. ಬಗ್ಗಿ ಎಂದರು. ಆತನ ಕೈ ಮೊಣಕಾಲಿನ ಮೇಲೆಯೇ ನಿಂತಿತು.

“ಹೋದ ಸಲ ಕಾಲ್ಬೆರಳು ಮುಟ್ಟಿದ್ರಂತಲ್ಲ?”

“ಮಾತ್ರೆ ತಗೊಂಡಿದ್ದೆ ಮೇಡಂ.”

ಡಾಕ್ಟರಮ್ಮ ಫೈಲಿನಿಂದ ಹೆಂಡತಿಯ ಹೇಳಿಕೆ ಎಳೆದರು. “ಲೇಸು ಅವರೇ ಕಟ್ತಾರಾ?”

ಬಾಗಿಲು ತೆರೆದಿತ್ತು. ಹೊರಗಿನ ಬೆಂಚಿನಲ್ಲಿ ಹೆಂಡತಿ ಇದ್ದಳು. ಇಲ್ಲ ಎಂದರೆ ಆತನ ಮಾನ ಉಳಿಯುತ್ತಿತ್ತು. ಆದರೆ ಆಕೆ ಸುಳ್ಳುಗಾರ್ತಿಯಾಗುತ್ತಿದ್ದಳು, ಮನವಿಯೂ ಅಲ್ಲಿಗೇ ಮುಗಿಯುತ್ತಿತ್ತು.

“ಅದರಲ್ಲಿ ಒಂದು ತಪ್ಪಿದೆ ಮೇಡಂ,” ಎಂದ ಆತ.

ಹೆಂಡತಿ ಬೆಂಚಿನಿಂದ ಎದ್ದಳು.

“ಹನ್ನೊಂದಲ್ಲ, ಹದಿಮೂರು ವರ್ಷ. ಸರ್ವಿಸ್‌ನ ಕೊನೇ ಎರಡು ವರ್ಷ ರಜೆಗೆ ಬಂದ್ರೂ ಅವಳೇ ಕಟ್ತಿದ್ಲು. ಅದನ್ನ ಬರೆಯೋದು ಮರೆತಿದ್ದಾಳೆ.”

“ಡ್ಯೂಟಿಯಲ್ಲಿ ಯಾರು ಕಟ್ತಿದ್ರು?”

“ಯಾರೂ ಇಲ್ಲ. ಬೂಟು ಬಿಚ್ತಾನೇ ಇರ್ಲಿಲ್ಲ.”

“ಮಲಗುವಾಗ?”

“ಆಗಲೂ.”

ಡಾಕ್ಟರಮ್ಮ ಬಹಳ ಹೊತ್ತು ಬರೆದರು.

ಮೂರು ತಿಂಗಳಿಗೆ ಆದೇಶ ಬಂತು. ಬೆನ್ನಿನ ತೊಂದರೆ ಸೇವೆಯಲ್ಲೇ ಉಂಟಾದದ್ದು, ಗುಣವಾಗಿಲ್ಲ. ಪಿಂಚಣಿ ಮಂಜೂರಾಗಿತ್ತು, ಅಂಗವೈಕಲ್ಯದ ಶೇಕಡಾವಾರು ಮಾತ್ರ ಕೇಳಿದ್ದಕ್ಕಿಂತ ಕಡಿಮೆ. ಗುಮಾಸ್ತ ಇನ್ನೊಂದು ಮೇಲ್ಮನವಿಗೆ ತುದಿಗಾಲಲ್ಲಿ ನಿಂತಿದ್ದ. ಆತ ಒಪ್ಪಲಿಲ್ಲ. ಕೆಲಸ ಬಿಡಲು ಅಷ್ಟು ಸಾಕಾಗಿತ್ತು.

ಮರುವಾರ ಸಮವಸ್ತ್ರವನ್ನೂ ಬೂಟುಗಳನ್ನೂ ಚೀಲಕ್ಕೆ ತುಂಬಿ ಅಂಗಡಿಗೆ ಒಪ್ಪಿಸಿ ಬಂದ. ಹೆಂಡತಿ ಬಾಗಿಲಲ್ಲಿ ಆತನ ಕಾಲು ನೋಡಿದಳು.

“ಇನ್ಮೇಲೆ ಚಪ್ಪಲಿ ಮೆಟ್ಕೊಂಡೇ ಓಡಾಡಿ,” ಎಂದಳು. “ನನಗೂ ಸೊಂಟ ಅನ್ನೋದೊಂದಿದೆ.”