ಇಡದೇ ಹೋದ ತಟ್ಟೆ

ಅಮೆರಿಕದ ಯೂನಿಯನ್ ಸಿಟಿಯಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಾಕೆ ಪೋಲಿಷ್ ಪತ್ತೇದಾರಿ ಕಾದಂಬರಿಗಳನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದರು. ಕನ್ನಡಕ ಹಣೆಗೇರಿಸಿ, "ಓದುಗರೇನು ದಡ್ಡರಾ?" ಅಂತ, ಎಲ್ಲಕ್ಕೂ ವಿವರಣೆ ಕೇಳುವ ಪ್ರಕಾಶಕರನ್ನು ಬೈಯುವುದು ಅವರ ರೂಢಿ.

ಒಮ್ಮೆ ಧಾರವಾಡದಿಂದ ಬಂದಿದ್ದ ನನ್ನಮ್ಮನೆದುರು ಒಂದು ಅಧ್ಯಾಯ ಓದಿದರು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟಕ್ಕೆ ಪೋಲಿಷ್ ಮನೆಗಳಲ್ಲಿ, ಯಾರಾದರೂ ಬಂದಾರೆಂದು ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರಂತೆ. ಕಾದಂಬರಿಯಲ್ಲಿ, ಕಾಣೆಯಾದ ಗಂಡನನ್ನು ಊರೆಲ್ಲ ಹುಡುಕಿಸುತ್ತಿದ್ದ ಹೆಂಗಸು ಆ ಸಲ ಅದನ್ನು ಇಟ್ಟಿರಲಿಲ್ಲ.

ಅಮ್ಮ ಥಟ್ಟನೆ ಅಂದಳು: "ಅಂವ ಬರಂಗಿಲ್ಲಂತ ಅಕಿಗೆ ಗೊತ್ತೈತಿ. ಅಕೀನ ಅವನ್ನ ಕೊಂದಾಳ!"

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಪಕ್ಕದ ಮನೆಯಾಕೆ ಲ್ಯಾಪ್‌ಟಾಪ್ ತೆರೆದು, ಪ್ರಕಾಶಕರ ಹಟಕ್ಕೆ ಒದ್ದಾಡಿ ಬರೆದಿದ್ದ, ಆ ತಟ್ಟೆ ಯಾಕಿರಲಿಲ್ಲವೆಂಬ ವಿವರಣೆಯನ್ನು ಪೂರ್ತಿ ಅಳಿಸಿಬಿಟ್ಟರು. ತಾವು ಬರೆದದ್ದನ್ನು ಅಷ್ಟು ಸಂಭ್ರಮದಿಂದ ಅಳಿಸಿದವರನ್ನು ನಾನು ಬೇರೆ ಕಂಡಿಲ್ಲ.