ಬಣವೆಯ ಹಿಂದೆ

ಗಂಡ ತೀರಿಕೊಂಡ ಮೇಲೂ ಹಾಲಿನಮ್ಮ ಕೊಟ್ಟಿಗೆ ಬರಿದಾಗಲು ಬಿಟ್ಟಿರಲಿಲ್ಲ. ಪೇಟೆಯ ಅರ್ಧ ಮನೆಗಳಿಗೆ ಹಾಲು ಹೋಗುತ್ತಿದ್ದದ್ದು ಅವಳಲ್ಲಿಂದಲೇ. ಮಾತು ಕಡಿಮೆ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಪೇಟೆಯ ಸಂಘದವರು ‘ರೈತರ ಮನೆಯಲ್ಲಿ ಒಂದು ದಿನ’ ಎಂಬ ಕೂಟಕ್ಕೆ ಅವಳ ಅಂಗಳವನ್ನೇ ಕೇಳಿದಾಗ ಅವಳಿಗೆ ಮನಸ್ಸಿರಲಿಲ್ಲ. ಪಕ್ಕದ ಮನೆಯ ಮೈದುನ ಬೆನ್ನು ಬಿದ್ದ. “ನಾಲ್ಕು ಜನ ದೊಡ್ಡವರ ಪರಿಚಯ ಆಗುತ್ತೆ ಅತ್ತಿಗೆ. ಒಂದು ದಿನ ತಾನೆ, ಹೂಂ ಅನ್ನಿ.”

ಹೂಂ ಅಂದಳು. ಕೂಟದ ಹಿಂದಿನ ದಿನ ಸಂಘದ ಕಾರ್ಯದರ್ಶಿ ಬಂದ. ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟವನು. ತಿಪ್ಪೆ ಕಾಣದಂತೆ ಹಸಿರು ಹೊಲದ ಚಿತ್ರವಿದ್ದ ಬ್ಯಾನರ್ ಕಟ್ಟಿಸಿದ. ಕೊಟ್ಟಿಗೆಯೊಳಗೆ ಹೂವಿನ ವಾಸನೆಯ ಸ್ಪ್ರೇ ಹೊಡೆಸಿದ. ಹಸುಗಳು ಸೀನುತ್ತ, ಹುಲ್ಲಿಗೆ ಬಾಯಿ ಹಾಕದೆ ನಿಂತವು. ಸಗಣಿಗೆ ಸೆಂಟು ಬೆರೆತ ಆ ನಾತಕ್ಕೆ ಹಾಲಿನಮ್ಮನೇ ಕೊಟ್ಟಿಗೆಯಿಂದ ಹೊರಗೆ ಬಂದಳು.

ಮರುದಿನ ಪೇಟೆಯವರು ಕಾರುಗಳಲ್ಲಿ ಬಂದಿಳಿದರು. ಕೊಟ್ಟಿಗೆಯ ಬಾಗಿಲಲ್ಲೇ ಮೂಗಿಗೆ ಕರವಸ್ತ್ರ ಒತ್ತಿಕೊಂಡರು. “ನಾವು ಕುಡಿಯೋದು ಇಲ್ಲಿಂದ ಬರೋ ಹಾಲನ್ನಾ?” ಎಂದು ಒಬ್ಬಾಕೆ ಗಂಡನನ್ನು ಕೇಳಿದಳು. ಹಾಲಿನಮ್ಮ ಕೇಳಿಸದವಳಂತೆ ಕೆಚ್ಚಲು ತೊಳೆಯುತ್ತಿದ್ದಳು. ಅಷ್ಟರಲ್ಲಿ ಯಾರೋ ತಿಂದುಳಿದ ಕೇಕನ್ನು ಪ್ಲಾಸ್ಟಿಕ್ ತಟ್ಟೆಯ ಸಮೇತ ಕಪ್ಪು ಹಸುವಿನ ಮುಂದೆ ಹಿಡಿದರು. ಹಸು ತಟ್ಟೆಯನ್ನೂ ಬಾಯಿಗೆಳೆದುಕೊಂಡಿತು. ಹಾಲಿನಮ್ಮ ಓಡಿಬಂದು, ಅದರ ನಾಲಿಗೆಯನ್ನು ಪಕ್ಕಕ್ಕೆಳೆದು ಹಿಡಿದು, ಒಳಗೆ ಕೈಹಾಕಿ, ಜಗಿದು ಚೂರಾದ ತಟ್ಟೆಯನ್ನು ಈಚೆಗೆಳೆದಳು. ಮೊಣಕೈವರೆಗೆ ಜೊಲ್ಲು. ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಲೇ “ಥೂ” ಎಂದು ಹಿಂದೆ ಸರಿದರು. ಕೇಕು ಕೊಟ್ಟವರು ಯಾರೆಂದು ಯಾರೂ ಬಾಯಿಬಿಡಲಿಲ್ಲ.

ಆಮೇಲೆ ಭಾಷಣ, ಊಟ. ಅನ್ನ ಹಾಕುವ ಕೈ ದೊಡ್ಡದು ಎಂದರು. ಚಪ್ಪಾಳೆ ತಟ್ಟಿದರು. ಹೋದರು.

ಸಂಜೆ ಹುಲ್ಲು ತರಲು ಹಾಲಿನಮ್ಮ ಬಣವೆಯ ಹಿಂದಕ್ಕೆ ಹೋದಳು. ಉಚ್ಚೆಯ ಘಾಟು ಗಪ್ಪನೆ ಮುಖಕ್ಕೆ ಹೊಡೆಯಿತು. ಇಡೀ ಒಂದು ಮಗ್ಗುಲು ಒದ್ದೆ. ಮನೆಯ ಪಕ್ಕದಲ್ಲೇ ಶೌಚಾಲಯ ತೆರೆದಿಟ್ಟಿದ್ದಳು. ಅಷ್ಟು ದೂರ ಯಾರು ನಡೆಯಬೇಕು ಅನಿಸಿರಬೇಕು, ದೊಡ್ಡ ಮನುಷ್ಯರಿಗೆ. ಬುಡದಲ್ಲಿ ಮಗುವಿನ ಡೈಪರ್ ಒಂದನ್ನು ನೀಟಾಗಿ ಮಡಚಿ ಸಿಕ್ಕಿಸಿದ್ದರು. ಅವಳು ಬಾಯಿಗೆ ಸೆರಗು ಹಿಡಿದಳು. ಹುಟ್ಟಿದಾಗಿನಿಂದ ಸಗಣಿ ಬಾಚಿದ ಹೆಂಗಸು, ಅಂದು ಮೊದಲ ಸಲ ಕಕ್ಕಿದಳು.

ಮೈದುನ ಬಂದು ನೋಡಿದ. “ಎರಡು ಬಿಸಿಲಿಗೆ ಒಣಗಿ ಹೋಗುತ್ತೆ ಅತ್ತಿಗೆ. ದನಕ್ಕೇನು ಗೊತ್ತಾಗುತ್ತೆ? ಹಾಲು ಹೋಗೋದೂ ಅವರ ಮನೆಗೇ.” ಹೇಳಿ ನಕ್ಕ.

ಆ ನಗು ಅವಳಿಗೆ ಘಾಟಿಗಿಂತ ಹೆಚ್ಚು ಹೇಸಿಗೆ ತಂದಿತು.

“ನೀನು ಮನೆಗೆ ಹೋಗು,” ಎಂದಳು. ಕತ್ತಲಾಗುವುದರೊಳಗೆ ಆ ಮಗ್ಗುಲಿನ ಹುಲ್ಲನ್ನೆಲ್ಲ ಒಬ್ಬಳೇ ಎಳೆದು ತಿಪ್ಪೆಗೆ ಹಾಕಿದಳು.

ಮರುದಿನ ಬ್ಯಾನರ್ ಬಿಚ್ಚಿಕೊಂಡು ಹೋಗಲು ಬಂದ ಕಾರ್ಯದರ್ಶಿಯ ಮುಖ ಅರಳಿತ್ತು. “ಎಲ್ಲರಿಗೂ ತುಂಬಾ ಹಿಡಿಸಿತಮ್ಮ. ಮುಂದಿನ ವರ್ಷವೂ ನಿಮ್ಮಲ್ಲೇ.”

ಅವಳು ಅವನನ್ನು ಬಣವೆಯ ಹಿಂದಕ್ಕೆ ಕರೆದೊಯ್ದು, ಏನಾಯಿತೆಂದು ಹೇಳಿದಳು.

“ಅಯ್ಯೋ, ಯಾರೋ ತಿಳೀದೆ ಮಾಡಿದ್ದಾರೆ. ಬಯಲು ಅಲ್ವಾ, ಬಿಡಿ.”

“ಬಯಲಲ್ಲ ಸ್ವಾಮಿ. ಇದು ನನ್ನ ದನಗಳ ಊಟದ ತಟ್ಟೆ. ನಿಮ್ಮ ಮನೆ ಅಡುಗೆಕೋಣೆಗೆ ಬಂದು ಅನ್ನದ ಪಾತ್ರೆಗೆ ನಾನು ಹೀಗೆ ಮಾಡಿದ್ರೆ ಬಿಡಿ ಅಂತೀರಾ?”

ಅವನು ಬ್ಯಾನರನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟ.

ಮುಂದಿನ ವರ್ಷದ ಕೂಟ ಮೈದುನನ ಅಂಗಳದಲ್ಲಿ ನಡೆಯಿತು. ಅಂದು ಹಾಲಿನಮ್ಮ ಬೇಲಿಯ ಗೇಟಿಗೆ ಸರಪಳಿ ಬಿಗಿದು, ಹಸುಗಳನ್ನು ಹೊಳೆಯಾಚೆಗೆ ಹೊಡೆದುಕೊಂಡು ಹೊರಟಳು. ದಾರಿ ತಪ್ಪಿದ ಕಾರೊಂದು ಪಕ್ಕದಲ್ಲಿ ನಿಂತಿತು. ಗಾಜು ಒಂದಿಷ್ಟೇ ಕೆಳಗಿಳಿಯಿತು. “ಇಲ್ಲಿ ರೈತರ ಮನೆ ಯಾವುದು?” ಎಂದು ಒಬ್ಬ ಕೇಳಿದ.

“ನನಗೆ ಗೊತ್ತಿಲ್ಲ,” ಎಂದು ಹಾಲಿನಮ್ಮ ಹಸುಗಳನ್ನು ಮುಂದಕ್ಕೆ ಹೊಡೆದಳು.