ಗೋಡೆಯಿಂದ ಇಳಿದ ಪ್ರೇಮಿ

ತು ಲಾಮೇಯ ನಗು ಅವಳಿಗಿಂತ ಮೊದಲು ಕೆಲಸಕ್ಕೆ ಬರುತ್ತಿತ್ತು. ಚೀನಾದ ಜಿಂಗ್‌ದೆಜೆನ್ ಊರಿನ ಓಣಿಯ ತಿರುವಿನಲ್ಲಿ ಅದು ಕೇಳಿಸಿತೆಂದರೆ, ಫಾಂಗ್ ಧಣಿಯ ಪಿಂಗಾಣಿ ಕಾರ್ಖಾನೆಯಲ್ಲಿ ಕೂತವರ ಮುಖವೂ ಅರಳುತ್ತಿತ್ತು. ಮದುವೆಯಾದ ಹೊಸತರಲ್ಲೇ ಗಂಡ ದೋಣಿ ಮಗುಚಿ ಚಾಂಗ್ ನದಿಯ ಪಾಲಾಗಿದ್ದ. ಅಳುವಷ್ಟು ಅತ್ತು, ಕಣ್ಣೊರೆಸಿಕೊಂಡು ಬಣ್ಣದ ಕೆಲಸಕ್ಕೆ ಸೇರಿದವಳು ಈಗ ನಲವತ್ತು ದಾಟಿದ್ದಳು.

ಅಲ್ಲಿ ಗೆರೆ ಎಳೆಯುವವರು ಬೇರೆ, ಬಣ್ಣ ತುಂಬುವವರು ಬೇರೆ. ಗೆರೆ ಯೂ ಶೌಚೆಂಗ್ ಮೇಸ್ತ್ರಿಯದು. ಹೆಂಡತಿ ತೀರಿಕೊಂಡ ಮೇಲೆ ಮಾತಿನಲ್ಲಿ ಕಡು ಜಿಪುಣನಾಗಿದ್ದ ಮನುಷ್ಯ. ನಾಟಕದ ಕಥೆಗಳೆಲ್ಲ ಅವನ ಕುಂಚದ ತುದಿಯಲ್ಲಿದ್ದವು: ಬೆಳುದಿಂಗಳ ತೋಟ, ನಿಟ್ಟುಸಿರಿಡುವ ಹುಡುಗಿ, ಗೋಡೆ ಹತ್ತಿ ಇಣುಕುವ ಬಡ ವಿದ್ಯಾರ್ಥಿ. ಹಸಿ ಜಾಡಿಯ ಮೇಲೆ ಎಲ್ಲವೂ ಮಸಿಗಪ್ಪು. ಲಾಮೇ ಗೆರೆಗಳ ಒಳಗೆ ಬಣ್ಣದ ನೀರು ಹರಿಸಿ, ಆವಿಗೆಯಲ್ಲಿ ಸುಟ್ಟು ತೆಗೆದರೆ ಅದೇ ಕಪ್ಪು ನೀಲಿಯಾಗಿ ಹೊಳೆಯುತ್ತಿತ್ತು.

ಒಂದು ದಿನ ಅವಳು ಕುಂಚ ಕೆಳಗಿಟ್ಟಳು.

"ಯೂ ಮೇಸ್ತ್ರೀ, ಈ ಹುಡುಗನ್ನ ಇನ್ನೆಷ್ಟು ವರ್ಷ ಗೋಡೆ ಮೇಲೇ ಕೂರಿಸ್ತೀರಾ? ಕಾಲು ಜೋಮು ಹಿಡಿದಿರಲ್ವಾ ಪಾಪ!"

"ಕಥೇಲಿ ಹಾಗೇ ಇದೆ."

"ಆಮೇಲೆ ಇಳೀತಾನಲ್ಲ? ನಾಟಕ ನಾನೂ ನೋಡಿದೀನಿ."

"ಇಳಿದುಬಿಟ್ರೆ ಕೊಳ್ಳೋರಿಗೇನು ಮಜಾ?"

"ದಿನಾ ಅವನ ಅಂಗಿಗೆ ಬಣ್ಣ ಹಚ್ಚೋಳು ನಾನು. ನನಗೆ ಕರುಳು ಚುರ್ ಅನ್ನುತ್ತೆ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಯೂ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾದವು.

ಕೆಲವು ದಿನ ಕಳೆದು ಅವಳ ಮುಂದೆ ಒಂದು ಜಾಡಿ ಬಂತು. ವಿದ್ಯಾರ್ಥಿ ನೆಲಕ್ಕೆ ಇಳಿದಿದ್ದ; ಒಂದು ಚಪ್ಪಲಿ ಗೋಡೆಯ ಮೇಲೇ ಉಳಿದಿತ್ತು. ಎದುರಿಗಿದ್ದವಳು ಬಳ್ಳಿಯಂಥ ಸುಂದರಿಯಲ್ಲ. ದುಂಡು ಮುಖ, ಮೇಲಕ್ಕೆ ಮಡಚಿದ ಅಂಗಿತೋಳು, ಕೈಯಲ್ಲಿ ಕಡುಬಿನ ತಟ್ಟೆ, ಬಾಯಿ ತುಂಬ ನಗು.

"ಅಯ್ಯೋ, ಇದು ನನ್ನ ಮೂತಿ ಅಲ್ವೇನ್ರೀ!" ಎಂದಳು ಲಾಮೇ. ಜಾಡಿಯನ್ನು ಮಗುವಿನಂತೆ ಹಿಡಿದು ಬಣ್ಣ ತುಂಬತೊಡಗಿದಳು.

ಅಷ್ಟರಲ್ಲಿ ಫಾಂಗ್ ಧಣಿ ಬಂದ. "ಇವಳೇನು ನಾಯಕೀನಾ, ಅಡುಗೆಯವಳಾ? ಇದನ್ನ ಯಾವ ಪುಣ್ಯಾತ್ಮ ಕೊಳ್ತಾನೆ?"

ಯೂ ಎದ್ದು ನಿಂತ. "ಮಾರೋಕಲ್ಲ ಧಣಿ. ಕೊಡೋಕೆ."

"ಯಾರಿಗೆ?"

ಯೂ ಕುಂಚವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ತಡೀರಿ ಧಣೀ," ಎಂದಳು ಲಾಮೇ, "ಗೋಡೆಯಿಂದ ಇಳಿಯೋಕೆ ಒದ್ದಾಡ್ತಿದಾರೆ."

ಧಣಿ ಒಮ್ಮೆ ಅವಳನ್ನು, ಒಮ್ಮೆ ಜಾಡಿಯನ್ನು ನೋಡಿ ತೊಡೆ ತಟ್ಟಿಕೊಂಡ. "ಹೀಗೋ ಸಮಾಚಾರ! ಆವಿಗೆಯಲ್ಲಿ ಒಳ್ಳೇ ಜಾಗದಲ್ಲೇ ಇಡಿಸ್ತೀನಿ ಬಿಡಿ."

ಆವಿಗೆ ತೆರೆದ ದಿನ ಓಣಿಯೇ ನೆರೆದಿತ್ತು. ಜಾಡಿಗೆ ಒಂದು ಬಿರುಕಿಲ್ಲ. ಇನ್ನೂ ಬೆಚ್ಚಗಿದ್ದ ಅದನ್ನು ಎತ್ತಿ ಅವಳ ಕೈಗಿಟ್ಟು ಯೂ ಕೇಳಿದ, "ಒಪ್ಪಿಗೇನಾ?"

"ಮೊದಲು ನನ್ನ ಕೈ ಕಡುಬು ತಿನ್ನಿ. ಆಮೇಲೂ ಧೈರ್ಯ ಉಳಿದಿದ್ರೆ ಕೇಳಿ."

ಯೂ ಅವಳ ಮನೆ ಹೊಸ್ತಿಲಲ್ಲಿ ಕೂತು ತಟ್ಟೆ ಖಾಲಿ ಮಾಡಿದ, ಬೆರಳು ನೆಕ್ಕಿಕೊಂಡ, ಮತ್ತೆ ಕೇಳಿದ.

ಚಳಿಗಾಲಕ್ಕೆ ಮದುವೆ. ಅಕ್ಕಿ ಹೆಂಡ ಕುಡಿದ ಧಣಿ ನಾಟಕದ ನಾಯಕಿಯ ಹಾಡನ್ನು ಕೀರಲು ದನಿಯಲ್ಲಿ ಹಾಡಿ, ಮೇಜಿನ ಕೆಳಗೇ ಮಲಗಿಬಿಟ್ಟ. ಮದುಮಗಳು ತಾನೇ ಸೌಟು ಹಿಡಿದು ಶಾವಿಗೆ ಬಡಿಸಿದಳು. ಯಾರೋ ಯೂನ ಕೈಗೆ ಡೋಲು ಕೊಟ್ಟರು. ಬೇಡ ಬೇಡ ಎನ್ನುತ್ತಲೇ ಶುರು ಮಾಡಿದವನು, ಕೋಲು ಮುರಿಯುವವರೆಗೂ ನಿಲ್ಲಿಸಲಿಲ್ಲ.

ಮರುದಿನ ಇಬ್ಬರೂ ಕೆಲಸಕ್ಕೆ ತಡವಾಗಿ ಬಂದರು. ಯಾಕೆ ಎಂದು ಯಾರೂ ಕೇಳಲಿಲ್ಲ.